ಗೊಂಡ್ಯನ ಮುಳ್ಳುಪಟ್ಟಿ

"ಗುರುಗಳೇ, ಇಲ್ಲದ್ದನ್ನು ಸೇರಿಸಿ ಹೇಳಿದರೆ ಸುಳ್ಳು, ಒಪ್ಪಿದೆ. ಇದ್ದದ್ದರಲ್ಲೇ ಒಂದಿಷ್ಟು ಬಿಟ್ಟು ಹೇಳಿದರೆ ಅದೂ ಸುಳ್ಳೇ?"

ಶಿಷ್ಯ ಹೀಗೆ ಕೇಳಿದಾಗ ಗುರು ಒಲೆಯ ಮುಂದೆ ಕೂತಿದ್ದರು. ಒಲೆಯ ಮೇಲಿನ ಮಣ್ಣಿನ ಗಡಿಗೆಯಲ್ಲಿ ಬೇರು, ತೊಗಟೆ, ಎಲೆ ಕುದಿಯುತ್ತಿದ್ದವು. ಗಡಿಗೆ ತುಂಬ ಹಾಕಿದ ನೀರು ಕಾಲು ಭಾಗಕ್ಕೆ ಇಳಿಯಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ.

"ನೀನು ಏನನ್ನು ಬಿಟ್ಟೆ?" ಗುರು ಕೇಳಿದರು.

"ಕುಂಬಾರರ ಹುಡುಗನಿಗೆ ಜ್ವರ ಬಂದಿತ್ತಲ್ಲ. ನೀವು ಹಣೆಯ ಮೇಲೆ ಕೈ ಇಟ್ಟಿರಿ, ಜ್ವರ ಇಳಿಯಿತು. ಅದನ್ನೇ ಸಂತೆಯಲ್ಲಿ ಹೇಳಿದೆ. ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಜನ ನಿಂತಲ್ಲೇ ಕೈಮುಗಿಯುತ್ತಾರೆ. ನೀವು ಕೈ ಇಟ್ಟದ್ದು ಸುಳ್ಳಲ್ಲವಲ್ಲ?"

"ಮೊದಲು ಕಷಾಯ ಕುಡಿಸಿದ್ದು?"

"ಅದನ್ನು ಬಿಟ್ಟೆ. ಕಷಾಯ ಯಾರ ಮನೆಯಲ್ಲಿಲ್ಲ ಗುರುಗಳೇ? ನಿಮ್ಮಂಥ ಕೈ ಯಾರ ಮನೆಯಲ್ಲಿದೆ?"

ಗುರು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದರು. ಹೊರಗೆ ಜಗಲಿಯ ಕಡೆಯಿಂದ ಸಣ್ಣದೊಂದು ಕೆಮ್ಮು ಕೇಳಿತು. ಶಿಷ್ಯ ಅದನ್ನು ಗಮನಿಸಲಿಲ್ಲ.

"ಕೂತ್ಕೋ ಮಗಾ. ಇದು ಇಳಿಯುವವರೆಗೆ ಒಂದು ಕತೆ ಕೇಳು."

ಗುರು ಹೇಳತೊಡಗಿದರು.

ಒಂದು ಗುಡ್ಡದ ಸೀಮೆ. ಎಲ್ಲಿ ನೋಡಿದರೂ ಬಂಡೆ, ಬಂಡೆಗಳ ನಡುವೆ ಕುರುಚಲು. ಅಲ್ಲಿ ಒಬ್ಬ ಕುರಿಗಾಹಿ ಇದ್ದ. ಅವನಿಗೆ ಹೆಂಡತಿ ಇದ್ದಳು, ಒಂದು ಹಿಂಡು ಕುರಿ ಇತ್ತು, ಒಂದು ನಾಯಿ ಇತ್ತು. ಬಾಯಿಯೂ ಇತ್ತು, ಆದರೆ ಅದು ಆಡಿದ್ದನ್ನು ಕೇಳುವವರು ಇರಲಿಲ್ಲ. ನಾಲ್ಕು ಜನ ಕೂತಲ್ಲಿ ಅವನು ಮಾತು ತೆಗೆದರೆ ಪಕ್ಕದವನು ಸರಿಯಾಗಿ ಆಗಲೇ ಎದ್ದು ಪಂಚೆ ಕೊಡವುತ್ತಿದ್ದ. ಎದುರಿನವನು ಆಕಳಿಸುತ್ತಿದ್ದ. ಉಳಿದವರು ತಮ್ಮ ಮಾತು ತಾವು ಮುಂದುವರಿಸುತ್ತಿದ್ದರು. ಕುರಿಗಾಹಿ ಅರ್ಧ ಆಡಿದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಮನೆಗೆ ಬರುತ್ತಿದ್ದ. ಹಾಗೆ ಅವನ ವಯಸ್ಸು ಅರ್ಧ ಕಳೆದಿತ್ತು.

ನಾಯಿಯ ಹೆಸರು ಗೊಂಡ್ಯ. ಬಾಲದ ತುದಿಯ ಕೂದಲು ಗೊಂಡೆ ಕಟ್ಟಿದಂತೆ ಇತ್ತು, ಅದಕ್ಕೆ ಆ ಹೆಸರು. ಶೂರ ನಾಯಿಯೇನಲ್ಲ. ಮೊಲ ಕಂಡರೆ ಅಟ್ಟುತ್ತಿತ್ತು, ಒಂದನ್ನೂ ಹಿಡಿದದ್ದಿಲ್ಲ. ಆ ಗುಡ್ಡದ ಮೊಲಗಳಿಗೆ ಇದು ಗೊತ್ತಾಗಿ, ಗೊಂಡ್ಯ ಬಂದರೆ ಅವು ಓಡುವುದನ್ನೇ ಬಿಟ್ಟು ನಡೆದು ಹೋಗುತ್ತಿದ್ದವಂತೆ. ಮುಂಗುಸಿಯ ಬಿಲಕ್ಕೆ ಮೂತಿ ಹಾಕಿ ಕಚ್ಚಿಸಿಕೊಂಡಿತ್ತು. ಉಡ ಬಾಲ ಬೀಸಿದರೆ ಹಿಂದೆ ಹಿಂದೆ ಸರಿಯುತ್ತಿತ್ತು. ಮುಸುವ ಮರದಿಂದ ಇಳಿದು ಕಪಾಳಕ್ಕೆ ಕೊಟ್ಟು ಮತ್ತೆ ಮೇಲೆ ಹೋದರೆ, ಬುಡದಲ್ಲಿ ಕೂತು ಬೊಗಳುತ್ತಿತ್ತು. ಮುಸುವ ಇನ್ನೊಂದು ಗುಡ್ಡಕ್ಕೆ ಹೋದ ಮೇಲೂ ಅದೇ ಮರಕ್ಕೆ ಬೊಗಳುತ್ತಿತ್ತು.

ಒಮ್ಮೆ ಮುಳ್ಳುಹಂದಿಯನ್ನು ಮೂಸಲು ಹೋಗಿ ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು ಬಂತು. ಕುರಿಗಾಹಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದನ್ನೇ ಕಿತ್ತ. ನೋವಿಗೆ ನಾಯಿ ಕಣ್ಣು ಮುಚ್ಚುತ್ತಿತ್ತು, ಆದರೆ ಹಲ್ಲು ತೋರಿಸಲಿಲ್ಲ. ಅವನ ಕೈ ನೋಯಿಸಿದರೂ ಒಳ್ಳೆಯದಕ್ಕೇ ಎಂದು ಅವತ್ತಿನಿಂದ ಅದಕ್ಕೆ ಗಟ್ಟಿಯಾಯಿತು.

ಅದರಲ್ಲಿ ಒಂದು ಗುಣವಿತ್ತು. ಹಿಂಡನ್ನು ಬಿಟ್ಟು ಹೋಗುತ್ತಿರಲಿಲ್ಲ. ಮಳೆ ಹೊಯ್ದರೂ, ಗುಡ್ಡದ ಆಚೆ ತೋಳ ಊಳಿಟ್ಟರೂ, ಕುರಿ ಕೂಡುವ ರೊಪ್ಪದ ಬಾಯಿಗೆ ಅಡ್ಡ ಮಲಗುತ್ತಿತ್ತು. ನಡುಗುತ್ತ ಮಲಗುತ್ತಿತ್ತು. ಆದರೂ ಅಲ್ಲೇ ಮಲಗುತ್ತಿತ್ತು.

ಆ ಸೀಮೆಯಲ್ಲಿ ಚಿರತೆಗಳಿದ್ದವು. ಚಿರತೆಗೆ ಕುರಿಗಿಂತ ನಾಯಿ ರುಚಿ. ಹಿಡಿಯುವುದು ಕೊರಳನ್ನೇ. ಅದಕ್ಕೆ ಅಲ್ಲಿಯ ಕುರಿಗಾಹಿಗಳು ನಾಯಿ ಬೆಳೆದ ಕೂಡಲೇ ಅದರ ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿಸುತ್ತಿದ್ದರು. ಪಟ್ಟಿಯ ಹೊರಗೆ ಸುತ್ತಲೂ ಬೆರಳುದ್ದದ ಮೊನಚು ಮುಳ್ಳು, ಒಳಗೆ ತೊಗಲಿನ ಹಾಸು. ಒಮ್ಮೆ ಹಾಕಿದ ಪಟ್ಟಿಯನ್ನು ನಾಯಿ ಬದುಕಿರುವಷ್ಟು ಕಾಲ ತೆಗೆಯುವ ಪದ್ಧತಿ ಇರಲಿಲ್ಲ. ಅದು ಸತ್ತರೆ ಪಟ್ಟಿ ಅದರ ಮರಿಗೆ. ಗೊಂಡ್ಯನ ಪಟ್ಟಿಯನ್ನು ಊರಿನ ಕಮ್ಮಾರ ಮಾಡಿಕೊಟ್ಟಿದ್ದ. ತೊಗಲು ಒಣಗಿ ಕೊರಳನ್ನು ತಿನ್ನದಿರಲಿ ಎಂದು ಕುರಿಗಾಹಿಯ ಹೆಂಡತಿ ಆಗಾಗ ಅದಕ್ಕೆ ಹರಳೆಣ್ಣೆ ಸವರುತ್ತಿದ್ದಳು. ಅವಳು ಎಣ್ಣೆಯ ಗಿಂಡಿ ತಂದರೆ ಸಾಕು, ಗೊಂಡ್ಯ ಪಕ್ಕಕ್ಕೆ ತಿರುಗಿ ಕತ್ತು ನೀಡಿ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ. ಕುರಿಗಳು ಇಳಿಜಾರಿನಲ್ಲಿ ಮೇಯುತ್ತಿದ್ದವು. ಬಂಡೆಯ ಹಿಂದಿನಿಂದ ಚಿರತೆ ಬಂತು. ಅದರ ಕಣ್ಣು ಒಂದು ಮರಿಯ ಮೇಲಿತ್ತು. ನಡುವೆ ಗೊಂಡ್ಯ ನಿಂತಿತ್ತು.

ಗೊಂಡ್ಯ ಓಡಲಿಲ್ಲ, ಬೊಗಳಲೂ ಇಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಕುರಿಗಾಹಿ ಅಷ್ಟರಲ್ಲಿ ಒಂದು ಬಂಡೆಯ ಮೇಲಿದ್ದ. ಯಾವಾಗ ಹತ್ತಿದೆನೆಂದು ಅವನಿಗೇ ಗೊತ್ತಿರಲಿಲ್ಲ. ಚಿರತೆ ಹಾರಿ ನಾಯಿಯ ಕೊರಳಿಗೆ ಬಾಯಿ ಹಾಕಿತು. ಹಾಕಿದ್ದೇ ಕಿರುಚಿತು. ಮುಳ್ಳು ಅಂಗುಳಕ್ಕೆ ನಾಟಿತ್ತು. ತಲೆ ಕೊಡವಿ ಕೊಡವಿ ಬಾಯಿ ಬಿಡಿಸಿಕೊಂಡು, ರಕ್ತ ಸುರಿಸುತ್ತ ಗುಡ್ಡ ಹತ್ತಿ ಹೋಯಿತು. ಗೊಂಡ್ಯ ಅದು ಹೋದ ದಿಕ್ಕನ್ನೇ ನೋಡಿತು. ತಾನು ಬದುಕಿದ್ದೇನೆ ಎಂದು ನಂಬಲು ಅದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬೊಗಳಿತು. ಪಟ್ಟಿಯ ಒಂದು ಮುಳ್ಳು ಬಾಗಿತ್ತು, ಅಷ್ಟೇ.

ಕುರಿಗಾಹಿ ಅವತ್ತು ಸಂಜೆ ಊರಿನ ಕುಲುಮೆಗೆ ಹೋದ. ಕುಲುಮೆ ಎಂದರೆ ಆ ಊರಿನವರು ಕೂತು ಮಾತಾಡುವ ಜಾಗ. ನೇಗಿಲ ಕುಳ ಬಡಿಸಲು ಬಂದವರು, ಕುರಿ ಕತ್ತರಿಗೆ ಸಾಣೆ ಹಿಡಿಸಲು ಬಂದವರು, ಏನೂ ಕೆಲಸವಿಲ್ಲದೆ ಮೈ ಕಾಯಿಸಲು ಬಂದವರು ಎಲ್ಲರೂ ಅಲ್ಲೇ. ಕುರಿಗಾಹಿ ನಡೆದದ್ದನ್ನು ನಡೆದಂತೆ ಹೇಳಿದ. ಜನ ಕೇಳಿದರು. ಪಂಚೆ ಕೊಡವಲು ಎದ್ದವನು ಮತ್ತೆ ಕೂತ. ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದ. ಚಳಿಯಲ್ಲಿ ಬಿಸಿ ಅಂಬಲಿ ಕುಡಿದಂತೆ ಕುರಿಗಾಹಿಯ ಎದೆ ಬೆಚ್ಚಗಾಯಿತು. ಬಾಯಲ್ಲಿ ಅರ್ಧ ಮಾತು ಉಳಿಯದೆ ಅವನು ಮನೆಗೆ ಬಂದದ್ದು ಅದೇ ಮೊದಲು.

ಮರುದಿನ ಮತ್ತೆ ಹೇಳೆಂದರು. ಹೇಳಿದ. ನಾಯಿ ಉಚ್ಚೆ ಹೊಯ್ದುಕೊಂಡದ್ದನ್ನು ಮಾತ್ರ ಬಿಟ್ಟ. ಪಾಪ, ಅದರ ಮರ್ಯಾದೆ ಯಾಕೆ ತೆಗೆಯಬೇಕು ಎಂದು. ಇನ್ನೊಂದು ದಿನ ತಾನು ಬಂಡೆ ಹತ್ತಿದ್ದನ್ನು ಬಿಟ್ಟ. ಕತೆ ನಾಯಿಯದು, ತನ್ನದೇನಲ್ಲವಲ್ಲ ಎಂದು. ಪಟ್ಟಿಯನ್ನು ಬಿಟ್ಟದ್ದು ಕೊನೆಗೆ. ಚಿರತೆ ಹಾರಿತು ಎನ್ನುವಾಗ ಜನ ಉಸಿರು ಹಿಡಿದಿರುತ್ತಿದ್ದರು. ಪಟ್ಟಿಯ ಮಾತು ಬಂದರೆ ಅವರ ಮುಖ ಇಳಿಯುತ್ತಿತ್ತು. "ಓ, ಪಟ್ಟಿ ಇತ್ತಾ" ಎನ್ನುತ್ತಿದ್ದರು. ಆ "ಓ" ಅವನಿಗೆ ಬೇಡವಾಗಿತ್ತು. ಒಂದು ಸಂಜೆ ಆ ಜಾಗವನ್ನು ಹಾರಿಸಿ ಹೇಳಿದ. ಪಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ. ಮುಖ ಇಳಿಯಲಿಲ್ಲ. ಆಮೇಲೆ ದಿನವೂ ಹಾರಿಸಿದ.

ಹಾರಿಸಿದ ಜಾಗಕ್ಕೆ ಏನಾದರೂ ತುಂಬಬೇಕಲ್ಲ, ತುಂಬಿದ. ಚಿರತೆ ಹುಲಿಯಾಯಿತು. ಹುಲಿಯ ಮೀಸೆ ಒಂದೊಂದೂ ಬಾರುಕೋಲಿನಷ್ಟು ಉದ್ದವಾಯಿತು. ಅದು ಗುಡುಗಿದಾಗ ಗುಡ್ಡದ ಮೇಲಿನ ಜೇನು ಗೂಡು ಬಿಟ್ಟು ಎದ್ದು ಹೋಯಿತು, ಗುಡ್ಡದ ಕೆಳಗಿನ ಹಸು ಹಾಲು ಕಟ್ಟಿಕೊಂಡಿತು. ಗೊಂಡ್ಯ ಹುಲಿಯ ಬಾಲ ಕಚ್ಚಿ ಹಿಡಿದು, ಕವಣೆ ಬೀಸುವಂತೆ ತಲೆಯ ಸುತ್ತ ಬೀಸಿ ಎಸೆಯಿತು. ಹುಲಿ ಬಿದ್ದ ಜಾಗದಲ್ಲಿ ಗುಂಡಿ ಬಿತ್ತು. "ಈಗಲೂ ಮಳೆಗಾಲಕ್ಕೆ ಅಲ್ಲಿ ನೀರು ನಿಲ್ಲುತ್ತೆ. ನನ್ನ ಕುರಿಗಳು ಕುಡಿಯೋದು ಅದೇ ನೀರು. ಬೇಕಾದ್ರೆ ಬಂದು ನೋಡಿ!" ಎನ್ನುತ್ತಿದ್ದ ಕುರಿಗಾಹಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹುಲಿಯನ್ನು ನಾಯಿ ಬೀಸಿ ಎಸೆಯುವುದುಂಟೇ? ಅವನು ಸೇರಿಸಿದ್ದನ್ನು ಒಬ್ಬರೂ ನಂಬಲಿಲ್ಲ. ಬಿಟ್ಟದ್ದನ್ನು ಮಾತ್ರ, ಕಣ್ಣಿಗೆ ಕಾಣದ್ದರಿಂದ, ಎಲ್ಲರೂ ನಂಬಿದರು.

ಬೇರೆ ಹಟ್ಟಿಗಳಿಂದ ಜನ ಗೊಂಡ್ಯನನ್ನು ನೋಡಲು ಬಂದರು. ಗೊಂಡ್ಯನಿಗೆ ಹೊಸಬರೆಂದರೆ ಹೆದರಿಕೆ. ಕುರಿಗಾಹಿಯ ಹೆಂಡತಿಯ ಸೀರೆಯ ಹಿಂದೆ ಅಡಗುತ್ತಿತ್ತು. "ನೋಡಿ ನೋಡಿ, ಎಷ್ಟು ಗಂಭೀರ" ಎಂದು ಬಂದವರು ತಲೆದೂಗಿ, ಬೆಲ್ಲದ ಚೂರು ಎಸೆದು ಹೋಗುತ್ತಿದ್ದರು. ಬೆಲ್ಲವನ್ನು ಮಾತ್ರ ಗೊಂಡ್ಯ ಮುಂದೆ ಬಂದು ತಿನ್ನುತ್ತಿತ್ತು.

ಇದೆಲ್ಲ ಕಮ್ಮಾರನಿಗೆ ಸರಿಬೀಳಲಿಲ್ಲ. ಕತೆ ಹುಟ್ಟಿದ್ದು ಅವನ ಕುಲುಮೆಯಲ್ಲಿ, ಹೇಳುವುದು ಅವನ ಬೆಂಕಿ ಕಾಯಿಸಿಕೊಂಡು, ಅವನ ಕೆಲಸದ ಹೆಸರೇ ಕತೆಯಲ್ಲಿಲ್ಲ. ಒಂದು ಸಂಜೆ, ಕುಲುಮೆ ತುಂಬ ಜನ ಇರುವಾಗ, ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಇಟ್ಟು ಕೇಳಿದ:

"ಅಲ್ಲಯ್ಯಾ, ಹುಲಿ ಓಡಿಸಿದ್ದು ನಿನ್ನ ನಾಯಿನೋ, ನನ್ನ ಕಬ್ಬಿಣನೋ?"

"ನಾಯಿ ಕಣಣ್ಣ. ನಿನ್ನ ಕಬ್ಬಿಣನ ಒಂದು ಕುರಿಮರಿಗೆ ಕಟ್ಟಿದ್ರೆ ಹುಲಿ ಓಡ್ತಿತ್ತಾ?"

ಜನ ನಕ್ಕರು. ಕಮ್ಮಾರನ ಮುಖ ಬೆಂಕಿಗಿಂತ ಕೆಂಪಾಯಿತು.

"ಹಂಗಾದ್ರೆ ಬಿಚ್ಚು. ಅಷ್ಟು ಗಂಡೆದೆ ನಾಯಿಗೆ ಆ ಭಾರ ಯಾಕೆ? ನಮ್ಮನೆ ಹುಂಜಕ್ಕಾದ್ರೂ ಹಾಕ್ತೀನಿ, ಬೆಕ್ಕಿನ ಕಾಟ ತಪ್ಪುತ್ತೆ."

ಈಗ ಜನ ಇನ್ನೂ ಜೋರಾಗಿ ನಕ್ಕರು. ಕುರಿಗಾಹಿ ಸುತ್ತ ನೋಡಿದ. ಪಂಚೆ ಕೊಡವುವವನ ಕೈ ಪಂಚೆಯ ಮೇಲೆ ಬಂದಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವನು ಏಳುತ್ತಾನೆ. ಅವನ ಹಿಂದೆ ಎಲ್ಲರೂ ಏಳುತ್ತಾರೆ. ಮತ್ತೆ ಅರ್ಧ ಮಾತನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗಬೇಕು.

ಕುರಿಗಾಹಿ ನಾಯಿಯನ್ನು ಕರೆದ. ಅವನ ಕೈ ಪಟ್ಟಿಗೆ ತಗುಲಿದ ಕೂಡಲೇ ಗೊಂಡ್ಯ ಪಕ್ಕಕ್ಕೆ ತಿರುಗಿ ಕತ್ತು ನೀಡಿ ನಿಂತಿತು. ಎಣ್ಣೆ ಹಚ್ಚುತ್ತಾನೆ ಎಂದುಕೊಂಡಿತೋ ಏನೋ. ಕುರಿಗಾಹಿ ಕೊಂಡಿ ಕಳಚಿ ಪಟ್ಟಿಯನ್ನು ಕಮ್ಮಾರನ ಮುಂದೆ ಎಸೆದ. ಕಮ್ಮಾರ ಅದನ್ನು ಎತ್ತಿ ಕುಲುಮೆಯ ಕಂಬದ ಮೊಳೆಗೆ ತೂಗುಹಾಕಿದ. ಗೊಂಡ್ಯ ಮೈ ಕೊಡವಿತು. ಪಟ್ಟಿ ಇದ್ದಲ್ಲಿ ಕೂದಲು ಉದುರಿ, ಬೆಳ್ಳಗೆ ಒಂದು ಬಳೆಯಂತೆ ಕೊರಳ ಚರ್ಮ ಕಾಣುತ್ತಿತ್ತು.

ಹೆಂಡತಿ ಅದನ್ನು ದೂರದಿಂದಲೇ ಕಂಡಳು.

"ಪಟ್ಟಿ ಎಲ್ಲಿ?"

"ಅದಕ್ಕೆ ಬೇಕಿಲ್ಲ. ಎಲ್ಲರ ಮುಂದೆ ಮಾತು ಕೊಟ್ಟು ಬಂದಿದೀನಿ."

"ನಿನ್ನ ಮಾತಿಗೆ ಕೊರಳಿಲ್ಲ ಕಣಯ್ಯ. ನಾಯಿಗೆ ಇದೆ."

ಕುರಿಗಾಹಿ ನಾಯಿಯನ್ನು ರೊಪ್ಪಕ್ಕೆ ಕರೆದುಕೊಂಡು ಹೋದ. ನಾಳೆ ತಂದರಾಯಿತು ಎಂದುಕೊಂಡ. ನಾಳೆ ಕುಲುಮೆಯಲ್ಲಿ ಜನ ಇದ್ದರು. ಅದರ ಮರುದಿನವೂ ಇದ್ದರು. ಜನರ ಮುಂದೆ ಬಿಚ್ಚಿದ್ದನ್ನು ಜನರ ಮುಂದೆ ತೆಗೆದುಕೊಂಡು ಬರುವುದು ಹೇಗೆ? ಅವನು ರೊಪ್ಪದ ಬಾಯಲ್ಲಿ ತಾನೂ ನಾಯಿಯ ಪಕ್ಕ ಮಲಗತೊಡಗಿದ. ಮಲಗುವಾಗ ಅಂಗೈಯನ್ನು ಅದರ ಕೊರಳ ಮೇಲೆ, ಆ ಬೆಳ್ಳಗಿನ ಬಳೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ನಾಯಿಗೆ ಅದು ಹಿತವಾಗಿತ್ತು, ಸುಖವಾಗಿ ನಿದ್ದೆ ಮಾಡುತ್ತಿತ್ತು. ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಕೈ ಎಷ್ಟು ಹೊತ್ತು ಅಲ್ಲಿರಲು ಸಾಧ್ಯ? ಬೆಳಗಾದರೆ ಕೋಲು ಹಿಡಿಯಬೇಕು, ಕುರಿ ಬಿಡಬೇಕು.

ಒಂದು ಸುಡುಬಿಸಿಲಿನ ಮಧ್ಯಾಹ್ನ ಧೈರ್ಯ ಮಾಡಿ ಕುಲುಮೆಗೆ ಹೋದ. ಕಮ್ಮಾರ ಒಳಗೆ ಉಣ್ಣುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಕುರಿಗಾಹಿ ಮೊಳೆಯಿಂದ ಪಟ್ಟಿಯನ್ನು ಇಳಿಸಿದ. ಕಂಬಳಿಯ ಒಳಗೆ ಸೇರಿಸಬೇಕು ಎನ್ನುವಾಗ ಬೇವಿನ ಮರದ ಹಿಂದಿನಿಂದ ದನಿ ಬಂತು. ಪಂಚೆ ಕೊಡವುವವನು ಅಲ್ಲಿ ನೆರಳಿಗೆ ಮಲಗಿದ್ದ.

"ಏನಣ್ಣೋ, ಗೊಂಡ್ಯನಿಗೆ ಚಳಿ ಶುರುವಾಯ್ತಾ?"

"ಇಲ್ಲಪ್ಪ. ತುಕ್ಕು ಹಿಡೀತಾ ಅಂತ ನೋಡ್ತಿದ್ದೆ."

"ಹಿಡಿದ್ರೆ ಹಿಡೀಲಿ ಬಿಡು. ಇನ್ಯಾರಿಗೆ ಬೇಕು ಅದು?"

"ಹೌದೌದು" ಎಂದ ಕುರಿಗಾಹಿ. ಪಟ್ಟಿಯನ್ನು ಮೊಳೆಗೆ ಮತ್ತೆ ತೂಗುಹಾಕಿದ. ಆ ಸಂಜೆ ಅವನು ಹೇಳಿದ ಕತೆಯಂಥ ಕತೆಯನ್ನು ಆ ಊರು ಹಿಂದೆ ಕೇಳಿರಲಿಲ್ಲ. ಗೊಂಡ್ಯ ಎಸೆದ ಹುಲಿ ನೆಲಕ್ಕೇ ಬೀಳಲಿಲ್ಲ, ಮೋಡಕ್ಕೆ ಸಿಕ್ಕಿಕೊಂಡು ಮಳೆಯ ಜೊತೆ ಪಕ್ಕದ ಸೀಮೆಯಲ್ಲಿ ಬಿತ್ತು ಎಂದ. ಜನ ನಗುತ್ತ ನಗುತ್ತ ಕಣ್ಣೀರು ಒರೆಸಿಕೊಂಡರು. ಅವನೂ ಒರೆಸಿಕೊಂಡ.

ಇಲ್ಲಿ ಗುರು ಮಾತು ನಿಲ್ಲಿಸಿ ಗಡಿಗೆಯೊಳಗೆ ಇಣುಕಿದರು. ಕಷಾಯ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಜಗಲಿಯಲ್ಲಿ ಮತ್ತೆ ಕೆಮ್ಮು ಕೇಳಿತು. ಅವರು ಉರಿ ಹೆಚ್ಚಿಸಿ ಕತೆ ಮುಂದುವರಿಸಿದರು.

ಚಳಿಗಾಲ ಬಂತು. ಹಗಲು ಗಿಡ್ಡವಾಯಿತು. ಒಂದು ದಿನ ಹೊತ್ತು ಮುಳುಗುವಾಗ ಕುರಿಗಾಹಿ ಹಿಂಡು ಹೊಡೆದುಕೊಂಡು ರೊಪ್ಪಕ್ಕೆ ಬರುತ್ತಿದ್ದ. ಕುರಿಗಳು ಥಟ್ಟನೆ ನಿಂತು ಒಂದಕ್ಕೊಂದು ಒತ್ತಿಕೊಂಡವು. ದಾರಿಯ ಮುಂದೆ, ಕಲ್ಲಿನ ಪಕ್ಕ, ಕಲ್ಲಿನ ಬಣ್ಣದ್ದೇ ಒಂದು ಚಿರತೆ ಕೂತಿತ್ತು. ಹಿಂದಿನದೋ, ಬೇರೆಯದೋ, ಯಾರಿಗೆ ಗೊತ್ತು.

ಕುರಿಗಾಹಿ ಈ ಸಲ ಬಂಡೆ ಹತ್ತಲಿಲ್ಲ. ಕೋಲು ಎತ್ತಿ ಕೂಗಿದ. ಚಿರತೆ ಕದಲಲಿಲ್ಲ. ಗೊಂಡ್ಯ ಹಿಂಡಿನ ಹಿಂದಿನಿಂದ ಮುಂದೆ ಬಂತು. ಅದು ನಡುಗುತ್ತಿರಲಿಲ್ಲ. ಅದನ್ನು ಕಂಡೇ ಕುರಿಗಾಹಿಯ ಎದೆ ಹಾರಿದ್ದು. ತೋಳದ ದನಿಗೆ ನಡುಗುವ ನಾಯಿ, ಉಡದ ಬಾಲಕ್ಕೆ ಹಿಂದೆ ಸರಿಯುವ ನಾಯಿ, ಚಿರತೆಯ ಎದುರಿಗೆ ಬೆಲ್ಲಕ್ಕೆ ಹೋಗುವಂತೆ ನಡೆದು ಹೋಯಿತು. ಹೋಗಿ ಪಕ್ಕಕ್ಕೆ ತಿರುಗಿತು. ತಲೆ ಮೇಲೆತ್ತಿ ಕತ್ತು ನೀಡಿತು.

ಹಿಂದಿನ ಸಲ ಅದು ಕಲಿತದ್ದು ಅಷ್ಟೇ. ಕೊರಳು ಕೊಟ್ಟರೆ ಚಿರತೆ ಕಿರುಚಿ ಓಡಿಹೋಗುತ್ತದೆ.

ಕುರಿಗಾಹಿ ಬಾಯಿ ತೆರೆದ. ಮೋಡದವರೆಗೆ ಹುಲಿಯನ್ನು ಎಸೆದ ಬಾಯಿ ಅದು. ನಾಯಿಗೆ ಹೇಳಲು ಅದರಲ್ಲಿ ಒಂದು ಮಾತೂ ಇರಲಿಲ್ಲ. ಓಡಿದ, ಕೋಲು ಎಸೆದ, ಕಂಬಳಿ ಎಸೆದ. ಅಷ್ಟರಲ್ಲಿ ಆಗಿಹೋಗಿತ್ತು. ಗೊಂಡ್ಯನಿಂದ ಒಂದು ದನಿಯೂ ಬರಲಿಲ್ಲ. ಚಿರತೆ ಅದನ್ನು ಎಳೆದುಕೊಂಡು ಗುಡ್ಡ ಹತ್ತಿತು. ಗೊಂಡೆ ಕಟ್ಟಿದಂಥ ಬಾಲ ಬಂಡೆಗಳ ನಡುವೆ ಸ್ವಲ್ಪ ದೂರ ಕಂಡಿತು. ಆಮೇಲೆ ಕಾಣಲಿಲ್ಲ. ಒಂದು ಕುರಿಯೂ ಕಡಿಮೆಯಾಗಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕೊರಳಲ್ಲಿ ಪಟ್ಟಿ ಇಲ್ಲವೆಂದು ನಾಯಿಗೆ ತಿಳಿಯಲಿಲ್ಲವೇ ಗುರುಗಳೇ?"

"ತಿಳಿದಿತ್ತೇನೋ. ಆದರೆ ಬಿಚ್ಚಿದವನು ಯಾರು? ಅದರ ಮೂತಿಯ ಮುಳ್ಳು ಕಿತ್ತವನು. ಅವನೇ ಬಿಚ್ಚಿದ ಮೇಲೆ ಅದು ಬೇಕಾಗಿಲ್ಲ ಎಂದೇ ನಾಯಿ ತಿಳಿಯಿತು" ಎಂದು ಗುರು ಮುಂದುವರಿಸಿದರು.

ಹೆಂಡತಿ ಗಂಡನನ್ನು ಬೈಯಲಿಲ್ಲ. ಎಣ್ಣೆಯ ಗಿಂಡಿಯನ್ನು ಗೋಡೆಯ ಮಾಡದಿಂದ ತೆಗೆದು ಒಳಗೆ ಇಟ್ಟಳು. ಮರುದಿನ ಕುರಿಗಾಹಿ ಕುಲುಮೆಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಕಮ್ಮಾರ ಅವನ ಮುಖ ನೋಡಲಿಲ್ಲ. ಮೊಳೆಯಿಂದ ಪಟ್ಟಿಯನ್ನು ಇಳಿಸಿ, ತುಕ್ಕನ್ನು ತನ್ನ ಪಂಚೆಯಿಂದಲೇ ಒರೆಸಿ ಅವನ ಕೈಗೆ ಕೊಟ್ಟ. ಬಾಗಿದ ಮುಳ್ಳು ಹಾಗೇ ಇತ್ತು. ಅದನ್ನು ಇಬ್ಬರೂ ನೆಟ್ಟಗೆ ಮಾಡಿರಲಿಲ್ಲ.

ಕುರಿಗಾಹಿ ಆಮೇಲೆ ಕುಲುಮೆಯಲ್ಲಿ ಕತೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕತೆ ತಾನೇ ನಡೆಯುತ್ತಿತ್ತು. ಗೊಂಡ್ಯ ಸತ್ತ ಮೇಲೆ ಕತೆಯ ಕಾಲು ಇನ್ನೂ ಗಟ್ಟಿಯಾದವು. ಎರಡು ಹುಲಿ ಒಟ್ಟಿಗೆ ಮೇಲೆ ಬಿದ್ದಿರಬೇಕು, ಇಲ್ಲದಿದ್ದರೆ ಗೊಂಡ್ಯ ಸಾಯುವ ನಾಯಿಯೇ ಎಂದರು. ಕುರಿಯ ಹಿಂಡು ಹೋದ ಹೋದಲ್ಲಿ ಕತೆಯೂ ಹೋಯಿತು. ಕೇಳಿದ ಹಟ್ಟಿಗಳಲ್ಲಿ ಕುರಿಗಾಹಿಗಳು ತಮ್ಮ ನಾಯಿಗಳನ್ನು ನೋಡಿದರು. ಗೊಂಡ್ಯ ಬರಿಗೊರಳಲ್ಲಿ ಹುಲಿ ಓಡಿಸಿತ್ತಂತೆ, ನಮ್ಮದೇನು ಅದಕ್ಕಿಂತ ಕಡಿಮೆಯೇ ಎಂದರು. ಒಬ್ಬ ಬಿಚ್ಚಿದ. ಪಕ್ಕದವನು ಸುಮ್ಮನಿದ್ದರೆ ಅವನ ನಾಯಿ ಹೇಡಿ ಎಂದಾಗುತ್ತದೆ, ಅವನೂ ಬಿಚ್ಚಿದ.

ಈ ಸುದ್ದಿ ಕುರಿಗಾಹಿಯ ಕಿವಿಗೆ ಬಿತ್ತು. ಅವನು ಹಿಂಡನ್ನು ಹೆಂಡತಿಗೆ ಒಪ್ಪಿಸಿದ. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದ. ಒಂದು ಹಟ್ಟಿಗೆ ಹೋದ, ಇನ್ನೊಂದಕ್ಕೆ ಹೋದ. ಹೋದಲ್ಲೆಲ್ಲ ಪಟ್ಟಿಯ ಬಾಗಿದ ಮುಳ್ಳನ್ನು ತೋರಿಸಿ ಹೇಳಿದ:

"ನನ್ನ ನಾಯಿ ಶೂರ ಅಲ್ಲ ಕಣ್ರಪ್ಪಾ. ಹೆದರಿ ಉಚ್ಚೆ ಹೊಯ್ಕೊಂಡಿತ್ತು. ನಾನು ಬಂಡೆ ಹತ್ತಿ ಕೂತಿದ್ದೆ. ಅದನ್ನ ಉಳಿಸಿದ್ದು ಈ ಪಟ್ಟಿ. ನಿಮ್ಮ ನಾಯಿಗಳಿಗೆ ಹಾಕ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ."

ಒಂದು ಹಟ್ಟಿಯಲ್ಲಿ ಒಬ್ಬ ಮುದುಕ ಅವನ ಹೆಗಲು ಹಿಡಿದು ಕೂರಿಸಿದ. ಸುತ್ತ ನಿಂತವರಿಗೆ ಹೇಳಿದ: "ಸಾಕಿದ ನಾಯಿ ಸತ್ತ ಸಂಕಟ. ಅದನ್ನ ಹೊಗಳೋಕೂ ಪಾಪ ಬಾಯಿ ಬರ್ತಿಲ್ಲ. ಅಂಬಲಿ ಕೊಡ್ರಿ ಅವನಿಗೆ."

ಅಂಬಲಿ ಕೊಟ್ಟರು. ಕುಡಿಯುವಾಗ ಅವನ ದುಃಖ ಮರೆಸಬೇಕೆಂದು ಅವನಿಗೇ ಗೊಂಡ್ಯನ ಕತೆ ಹೇಳಿದರು. ಬಾರುಕೋಲಿನಂಥ ಮೀಸೆ ಬಂತು. ಹಾಲು ಕಟ್ಟಿಕೊಂಡ ಹಸು ಬಂತು. ಕವಣೆಯಂತೆ ಬೀಸಿದ್ದು ಬಂತು, ನೀರು ನಿಲ್ಲುವ ಗುಂಡಿ ಬಂತು. ಎಲ್ಲರೂ ನಕ್ಕರು. ಯಾರೂ ಪಂಚೆ ಕೊಡವಲಿಲ್ಲ, ಯಾರೂ ಆಕಳಿಸಲಿಲ್ಲ. ಕುರಿಗಾಹಿ ನಡುವೆ ಬಾಯಿ ಹಾಕಲು ನೋಡಿದ. ಮೂರು ನಾಲ್ಕು ಕಡೆ ನೋಡಿದ. ಕತೆಯಲ್ಲಿ ಎಲ್ಲಿಯೂ ಪಟ್ಟಿ ಹಾಕುವಷ್ಟು ಜಾಗ ಉಳಿದಿರಲಿಲ್ಲ.

ಅವನು ಬಟ್ಟಲನ್ನು ನೆಲಕ್ಕಿಟ್ಟ. ಆ ಹಟ್ಟಿಯ ನಾಯಿ ಬಂದು ಅದರ ತಳ ನೆಕ್ಕಿತು. ಅದರ ಕೊರಳ ಸುತ್ತ ಕೂದಲು ಉದುರಿ ಬೆಳ್ಳಗೆ ಒಂದು ಬಳೆ ಕಾಣುತ್ತಿತ್ತು. ಕುರಿಗಾಹಿ ಕೈ ಚಾಚಿದ. ನಾಯಿ ಪಕ್ಕಕ್ಕೆ ತಿರುಗಿ ಕತ್ತು ನೀಡಿತು.

ಗುರು ಕತೆ ನಿಲ್ಲಿಸಿದರು. ಗಡಿಗೆಯಲ್ಲಿ ನೀರು ಕಾಲು ಭಾಗಕ್ಕೆ ಇಳಿದಿತ್ತು. ಅವರು ಒಲೆಯಿಂದ ಕಟ್ಟಿಗೆಯನ್ನು ಹೊರಗೆಳೆದರು. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸಿ ಬಟ್ಟಲಿಗೆ ಬಗ್ಗಿಸಿದರು.

"ಆಮೇಲೆ?" ಶಿಷ್ಯ ಮೆಲ್ಲಗೆ ಕೇಳಿದ. "ಆ ನಾಯಿಗಾದರೂ ಪಟ್ಟಿ ಹಾಕಿದರೇ?"

ಗುರು ಬಟ್ಟಲನ್ನು ಅವನ ಕೈಗೆ ಕೊಟ್ಟರು.

"ಜಗಲಿಯ ಮೇಲೆ ಒಬ್ಬ ತಾಯಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಕಷಾಯ ಬೇಡವಂತೆ, ನನ್ನ ಕೈ ಸಾಕಂತೆ, ಹೋಗು, ನೀನೇ ಹೇಳಿ ಕುಡಿಸು."

ಶಿಷ್ಯ ಬಟ್ಟಲು ಹಿಡಿದು ನಿಂತ. ಜಗಲಿಯಲ್ಲಿ ಮಗು ಮತ್ತೆ ಕೆಮ್ಮಿತು.